ಠರಾವು ಬಾಯಿಪಾಠ ಮಾಡಿದ ಮಾವಶಿ

ಆಕೆಯ ಬಲಗೈ ಹೆಬ್ಬೆರಳನ್ನು ಒಂದು ಹಳೆಯ ಗಾಯದ ಗೆರೆ ಅಡ್ಡಡ್ಡ ಸೀಳಿತ್ತು. ಮದುವೆಗೂ ಮೊದಲು, ದೊಡ್ಡ ಮೀನೊಂದನ್ನು ಕೊರೆಯುವಾಗ ಮೆಟ್ಟುಗತ್ತಿಗೆ ಸಿಕ್ಕಿ ಆದ ಗಾಯವದು. ಸುತ್ತಲಿನ ಚರ್ಮವೂ ಮೀನಿನ ಮುಳ್ಳು, ಉಪ್ಪು, ಐಸುಗಳಿಗೆ ನಲವತ್ತು ವರ್ಷ ಸಿಕ್ಕಿ ಸವೆದುಹೋಗಿತ್ತು. ರೇಷನ್ ಅಂಗಡಿಯ ಯಂತ್ರ ಆ ಬೆರಳನ್ನು ಒಂದು ಸಲಕ್ಕೂ ಒಪ್ಪುತ್ತಿರಲಿಲ್ಲ. ಆಕೆ ಬೆರಳನ್ನು ಸೆರಗಿಗೆ ಒರೆಸುವಳು, ಬಾಯಿಂದ ಊದುವಳು, ಮತ್ತೆ ಒತ್ತುವಳು. ಕೊನೆಗೆ ಎಡಗೈ ಬೆರಳು ಕೊಟ್ಟು ಅಕ್ಕಿ ತರುವಳು. “ಇದ್ರ ಪ್ರಕಾರ ನಾ ಇನ್ನೂ ಹುಟ್ಟೇ ಇಲ್ಲ” ಎಂದು ಯಂತ್ರವನ್ನು ತೋರಿಸಿ ನಗುವಳು.

ನಮ್ಮೂರು ಅಂಕೋಲೆಗೂ ಕಾರವಾರಕ್ಕೂ ನಡುವೆ, ಹೆದ್ದಾರಿಯಿಂದ ಸಮುದ್ರದ ಕಡೆಗೆ ಇಳಿದರೆ ಸಿಗುತ್ತದೆ. ನಾನು ಮೇಲಿನ ಕೇರಿಯ ಬೇಸಾಯದ ಮನೆಯವಳು. ಆಕೆ ಬೇಲೆಯ ಅಂಚಿನ ಮೀನುಗಾರರ ಕೇರಿಯವಳು. ಬೇಲೆ ಎಂದರೆ ನಮ್ಮಲ್ಲಿ ಸಮುದ್ರದಂಡೆಯ ಮರಳು. ಎರಡೂ ಕೇರಿಗಳಿಗೆ ಆಕೆ ಮಾವಶಿ, ಅಂದರೆ ಚಿಕ್ಕಮ್ಮ. ನನ್ನ ಅಜ್ಜಿಯೂ ಹಾಗೆಯೇ ಕರೆಯುತ್ತಿದ್ದಳು, ವಯಸ್ಸಿನಲ್ಲಿ ಅಜ್ಜಿಯೇ ದೊಡ್ಡವಳಾದರೂ.

ಪಂಚಾಯ್ತಿಯ ಗ್ರಂಥಾಲಯ ನೋಡಿಕೊಳ್ಳುವ ಕೆಲಸ ನನಗೆ ಆಗಷ್ಟೇ ಸಿಕ್ಕಿತ್ತು. ಒಂದು ಮಧ್ಯಾಹ್ನ ಆಕೆ ಖಾಲಿ ಬುಟ್ಟಿಯನ್ನು ಬಾಗಿಲ ಹೊರಗಿಟ್ಟು, ಕಾಲು ತೊಳೆದು ಒಳಗೆ ಬಂದಳು.

“ಅಕ್ಕೋರೆ, ಇಲ್ಲಿ ಕರೆಂಟದ್ಯೋ? ಮೊಬೈಲು ಜೀವ ಬಿಡ್ತಾ ಅದೆ.”

ಶಾಲೆಯ ಮಾಸ್ತರಿಣಿಯರಿಗೆ ಅಕ್ಕೋರು ಅನ್ನುವುದು ನಮ್ಮ ಕಡೆಯ ರೂಢಿ. ಪುಸ್ತಕಗಳ ನಡುವೆ ಕೂತವಳು ಎಂಬ ಕಾರಣಕ್ಕೆ ನನಗೂ ಆ ಮರ್ಯಾದೆ ಸಿಕ್ಕಿತು. ನಾಲ್ಕು ದಿನ ಕಳೆಯುವುದರೊಳಗೆ ಅದು ಇಳಿದು “ತಂಗಿ” ಆಯಿತು. ಬೇರೆಯವರ ಎದುರಿಗೆ ಮಾತ್ರ ಕೊನೆಯವರೆಗೂ ಅಕ್ಕೋರೇ.

ಮೊಬೈಲು ಚಾರ್ಜಾಗುವಾಗಲೂ ಆಕೆ ಅದನ್ನು ಬಿಡುತ್ತಿರಲಿಲ್ಲ. ಮೀನು ಮಾರುವ ಮೂವತ್ತು ನಲವತ್ತು ಹೆಂಗಸರ ಒಂದು ಗ್ರೂಪು ಅದರಲ್ಲಿತ್ತು. ಗ್ರೂಪಿಗೆ ಹೆಸರಿರಲಿಲ್ಲ, ಒಂದು ಮೀನಿನ ಚಿತ್ರವಷ್ಟೇ; ಅರ್ಧಕ್ಕರ್ಧ ಜನರಿಗೆ ಓದು ಬರದಿರುವಾಗ ಹೆಸರು ಯಾಕೆ ಎನ್ನುವಳು. ಯಾರೂ ಬರೆಯುತ್ತಿರಲಿಲ್ಲ, ಎಲ್ಲವೂ ವಾಯ್ಸ್ ಮೆಸೇಜು. ಬೈತಕೋಲ ಬಂದರಿನಲ್ಲಿ ಯಾವ ಬೋಟು ಬಂತು, ಎಲ್ಲಿ ತಾರ್ಲೆ ಮೀನು ಹೆಚ್ಚು, ಎಲ್ಲಿ ದರ ಬಿತ್ತು, ಇವೇ ಸುದ್ದಿಗಳು. ಯಾರು ಮಾತಾಡಿದರೂ ಮೊದಲು ತಾನು ಎಲ್ಲಿದ್ದೇನೆಂದು ಹೇಳಬೇಕು ಎಂಬುದು ಮಾವಶಿ ಮಾಡಿದ ಕಾನೂನು. “ನಾ ಅಂಕೋಲೆ ಬಸ್‌ಸ್ಟ್ಯಾಂಡಿಂದ ಮಾತಾಡ್ತೆ” ಎಂದು ಆಕೆ ಶುರುಮಾಡಿದರೆ ಆಕಾಶವಾಣಿಯ ವಾರ್ತೆ ಶುರುವಾದ ಹಾಗೇ ಇರುತ್ತಿತ್ತು.

ಇನ್ನೊಂದು ಕಾನೂನೂ ಇತ್ತು: “ಕಂಡದ್ದು ಹೇಳಿ, ಕೇಳಿದ್ದು ಕಳಿಸ್ಬೇಡಿ.”

ಒಮ್ಮೆ ಚುನಾವಣೆಯ ಹೊತ್ತಿಗೆ ಒಂದು ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹರಿದು ಬಂತು. ಯಾರು ಯಾರಿಗೆ ಓಟು ಹಾಕಿದರೆಂದು ಯಂತ್ರದಿಂದಲೇ ಗೊತ್ತಾಗುತ್ತದೆ, ತಪ್ಪಿ ಹಾಕಿದ ವಿಧವೆಯರ ಪಿಂಚಣಿ ನಿಲ್ಲುತ್ತದೆ ಎಂದು. ಗ್ರೂಪಿನ ಹೆಂಗಸರು ಗಾಬರಿಯಾದರು. ಮಾವಶಿ ಅದನ್ನು ತಂದು ನನಗೆ ಕೇಳಿಸಿದಳು. ಓಟು ಗುಟ್ಟಿನದ್ದು, ಇದು ಸುಳ್ಳು ಎಂದೆ. “ಗಟ್ಟಿಯೋ?” ಎಂದು ಎರಡು ಸಲ ಕೇಳಿ, ಅಲ್ಲೇ ನಿಂತು ಗ್ರೂಪಿಗೆ ಹೇಳಿದಳು: “ನಾ ಲೈಬ್ರರಿಯಿಂದ ಮಾತಾಡ್ತೆ. ಹೆದ್ರಬೇಡಿ ಗೋ. ಬಟ್ಟನ್ನು ಒತ್ತಿದ್ದು ನಿಂಗೆ ಗೊತ್ತು, ನಿನ್ನ ಬೆರಳಿಗೆ ಗೊತ್ತು. ಮೂರನೇವ್ರಿಗೆ ಗೊತ್ತಾಗೂದಿಲ್ಲ.”

ಮೊದಲೆಲ್ಲ ಮನೆಯ ಗಂಡಸರು ಚಿಹ್ನೆ ಹೇಳುತ್ತಿದ್ದರು, ಇವರು ಹೋಗಿ ಒತ್ತಿ ಬರುತ್ತಿದ್ದರು. ಅದನ್ನು ಆಕೆ ನಾಚಿಕೆಯಿಲ್ಲದೆ ಹೇಳಿಕೊಳ್ಳುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಬಂದ ಮೊದಲ ಚುನಾವಣೆಯಲ್ಲಿ ಚಿಹ್ನೆ ಹೇಳುವವರು ಯಾರೂ ಇರಲಿಲ್ಲವಂತೆ. “ಮಷಿನ್ನಿನ ಮುಂದೆ ನಿಂತು ಅತ್ತುಬಿಟ್ಟೆ ತಂಗಿ. ಗಂಡ ಇಲ್ಲ ಅಂತಲ್ಲ. ಇಷ್ಟು ವರ್ಷ ನಂಗೇ ಒಂದು ಯೋಚ್ನೆ ಇರ್ಲಿಲ್ಲ ಅಂತ. ಬಟ್ಟನ್ನು ಒತ್ತುದು ಒಂದು ಕ್ಷಣದ ಕೆಲ್ಸ. ಉಳಿದ ಐದು ವರ್ಷ ನಾವು ಎಂತ ಮಾಡುದು?”

ಆ ಪ್ರಶ್ನೆಯೇ ಒಂದು ದಿನ ಆಕೆಯನ್ನು ನನ್ನ ಕಂಪ್ಯೂಟರಿನ ಹತ್ತಿರ ತಂದಿತು.

“ಪಂಚಾಯ್ತಿಯೋರು ಒಳಗೆ ಕೂತು ಎಂತ ಮಾಡ್ತಾರೆ ಅಂತ ಇದ್ರಲ್ಲಿ ಕಾಣ್ತದ್ಯೋ?”

ಕಾಣುತ್ತದೆ ಎಂದೆ. ಸಭೆಯ ಠರಾವುಗಳನ್ನೆಲ್ಲ ಅಂತರ್ಜಾಲದಲ್ಲಿ ಹಾಕುತ್ತಾರೆ, ಯಾರೂ ನೋಡುವುದಿಲ್ಲ ಅಷ್ಟೆ. ತೆರೆದು ಒಂದೊಂದೇ ಓದಿ ಹೇಳುತ್ತಾ ಹೋದೆ. ಬೀದಿದೀಪ, ಚರಂಡಿ, ಬಾವಿಯ ಹೂಳು. ಆಕೆ ಕಾಲು ಮಡಚಿ ಕೂತು ಹೂಂಗುಟ್ಟುತ್ತಿದ್ದಳು. ಮಹಿಳಾ ಗ್ರಾಮಸಭೆಯ ಠರಾವಿಗೆ ಬಂದಾಗ ನನ್ನ ದನಿ ತಾನಾಗಿಯೇ ನಿಧಾನವಾಯಿತು. ಬೇಲೆಯಲ್ಲಿ ಮೀನು ಒಣಗಿಸುವ ಜಾಗವನ್ನು ಪ್ರವಾಸಿಗರ ವಾಹನ ನಿಲುಗಡೆಗೂ ಅಂಗಡಿಗಳಿಗೂ ಗುತ್ತಿಗೆ ಕೊಡುವುದು. ಅಲ್ಲಿ ಮೀನು ಒಣಗಿಸುವ ಮಹಿಳೆಯರೆಲ್ಲರೂ ಸಭೆಗೆ ಹಾಜರಿದ್ದು ಸರ್ವಾನುಮತದಿಂದ ಒಪ್ಪಿಗೆ ನೀಡಿರುತ್ತಾರೆ.

“ಸರ್ವಾನುಮತ ಅಂದ್ರೆ?”

“ಎಲ್ಲರೂ ಒಪ್ಪಿ.”

“ಎಲ್ಲರೂ ಅಂದ್ರೆ ಯಾರು?”

ಕೆಳಗೆ ಹಾಜರಾತಿ ಪುಟದ ಫೋಟೊ ಇತ್ತು. ಹೆಸರುಗಳನ್ನು ಓದಿದೆ. ಎಲ್ಲ ಆಕೆಯ ಕೇರಿಯವರೇ. ಹನ್ನೊಂದನೆಯದು ಆಕೆಯದೇ ಹೆಸರು, ಪಕ್ಕದಲ್ಲಿ ಹೆಬ್ಬೆಟ್ಟಿನ ಗುರುತು. ಅದನ್ನು ದೊಡ್ಡದು ಮಾಡಿ ತೋರಿಸಿದೆ. ಸುತ್ತು ಸುತ್ತು ಗೆರೆಗಳು ಎಣಿಸುವಷ್ಟು ಸ್ಪಷ್ಟವಾಗಿದ್ದವು. ಮಾವಶಿ ತನ್ನ ಸೀಳಿದ ಬೆರಳನ್ನು ಪರದೆಯ ಪಕ್ಕದಲ್ಲಿ ಹಿಡಿದು, ಅದನ್ನೂ ಇದನ್ನೂ ನೋಡಿದಳು.

“ಇದು ಮೀನು ಮುಟ್ಟದ ಹೆಬ್ಬೆಟ್ಟು, ತಂಗಿ.”

ಆಕೆಗೆ ಸಿಟ್ಟು ಬಂದದ್ದನ್ನು ಅಂದೇ ನಾನು ಮೊದಲು ನೋಡಿದ್ದು. ಆ ಸಿಟ್ಟಿಗೆ ಸದ್ದಿರಲಿಲ್ಲ. ಆ ಮರಳಿನ ಮೇಲೆ ಆಕೆಯ ಅತ್ತೆ, ಅತ್ತೆಯ ಅತ್ತೆ ಶೆಟ್ಲಿ ಸಿಗಡಿ ಒಣಗಿಸಿದ್ದರು. ಮಳೆಗಾಲದಲ್ಲಿ ದೋಣಿಗಳು ದಡದಲ್ಲಿ ಮಲಗಿದಾಗ ಇಡೀ ಕೇರಿ ಉಣ್ಣುವುದು ಆ ಒಣಮೀನು ಮಾರಿಯೇ. ಸಭೆ ಯಾವ ದಿನ ಎಂದು ಕೇಳಿದಳು. ಓದಿದೆ: ಒಂದು ಬುಧವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಆ ಹೊತ್ತಿಗೆ ಮೀನು ಮಾರುವ ಯಾವ ಹೆಂಗಸು ಊರಲ್ಲಿರುತ್ತಾಳೆ?

“ಹಿಂದಿನ ಮೆಸೇಜು ಸಿಕ್ತದ್ಯೋ?”

ಆಗ ನನಗೆ ಹೊಳೆಯಿತು. ಗ್ರೂಪಿನಲ್ಲಿ ಬೆರಳಾಡಿಸುತ್ತಾ ಆ ಬುಧವಾರಕ್ಕೆ ಹೋದೆ. ಒಂದಾದ ಮೇಲೊಂದು ದನಿ ಬಂತು. ನಾ ಕಾರವಾರ ಮಾರ್ಕೆಟಿಂದ ಮಾತಾಡ್ತೆ, ಬಂಗಡೆ ಬೇಕಾದಷ್ಟು ಬಂದದೆ, ಯಾರೂ ಹೆಚ್ಚು ತಕಬೇಡಿ. ನಾ ಸದಾಶಿವಗಡದಲ್ಲಿ, ಸೇತುವೆ ದಾಟ್ತಾ ಇದ್ದೆ. ನಾ ಮಾಜಾಳಿಯಲ್ಲಿ, ಬಸ್ಸು ಬಂದಿಲ್ಲ. ನಾ ಅಂಕೋಲೆ, ನೊಗಲಿ ಮೀನು ಎಲ್ಲ ಹೋಯ್ತು. ಒಂದೊಂದರ ಕೆಳಗೂ ಗಂಟೆ ನಮೂದಾಗಿತ್ತು: ಹನ್ನೊಂದು ಹತ್ತು, ಹನ್ನೊಂದೂವರೆ, ಹನ್ನೊಂದು ಮುಕ್ಕಾಲು. ಸಭೆಯಲ್ಲಿ ಒಪ್ಪಿಗೆ ಕೊಟ್ಟವರೆಲ್ಲ ಜಿಲ್ಲೆಯ ಮೂಲೆಮೂಲೆಯಲ್ಲಿ ಮೀನು ಮಾರುತ್ತಿದ್ದರು. ಮಾವಶಿ ನನ್ನ ಭುಜ ಹಿಡಿದು ಅಲ್ಲಾಡಿಸಿದಳು. ಇಬ್ಬರೂ ಸಣ್ಣ ಹುಡುಗಿಯರ ಹಾಗೆ ನಕ್ಕೆವು.

ನಗು ನಿಂತ ಮೇಲೆ ನನಗೆ ಭಯವಾಯಿತು. ನನ್ನ ಕೆಲಸ ಪಂಚಾಯ್ತಿಯ ಕೈಯಲ್ಲಿತ್ತು.

“ಮಾವಶಿ, ನಾನು ಓದಿ ಹೇಳಿದ್ದು ಅಂತ ಯಾರಿಗೂ ಗೊತ್ತಾಗಬಾರದು.”

“ಹೇಳುದಿಲ್ಲ. ನಿನ್ನ ಅನ್ನ ಕಿತ್ತು ನಾ ಎಂತ ಮಾಡ್ಲಿ? ಆದ್ರೆ ಸಭೆಯಲ್ಲಿ ನಾ ಹೇಳ್ಬೇಕಲ್ಲ. ದಿನಾ ಒಂದೊಂದು ಸಾಲು ಹೇಳ್ಕೊಡು. ಬಾಯಿಪಾಠ ಮಾಡ್ತೆ.”

ಮುಂದಿನ ಗ್ರಾಮಸಭೆಗೆ ಮೂರು ವಾರವಿತ್ತು. ಪ್ರತಿದಿನ ಮಧ್ಯಾಹ್ನ ಬುಟ್ಟಿ ಇಳಿಸಿ ಬರುವಳು. ಅಕ್ಷರ ಬಾರದ ಆ ಬಾಯಿ “ಸದರಿ ಸ್ಥಳವನ್ನು”, “ಮೇಲ್ಕಾಣಿಸಿದ ಷರತ್ತುಗಳಿಗೊಳಪಟ್ಟು” ಎಂಬ ಪದಗಳನ್ನು ತನ್ನ ಮನೆಮಾತು ಕೊಂಕಣಿಯ ರಾಗದಲ್ಲಿ ಹಾಡಿ ಹಾಡಿ ಕಲಿಯಿತು. ಮೀನಿನ ದರ ಹೇಳುವಾಗ ನಡುವೆ ಬಾಯ್ತಪ್ಪಿ “ಸದರಿ ಬಂಗಡೆ” ಎನ್ನುವಷ್ಟು ಕಲಿತಳು. ನಡುವೆ ಐದು ಹೆಂಗಸರನ್ನು ಕರೆದುಕೊಂಡು ಪಂಚಾಯ್ತಿಯ ಅಭಿವೃದ್ಧಿ ಅಧಿಕಾರಿಯ ಮುಂದೆ ನಿಂತು, ಸಭೆಯನ್ನು ಸಂಜೆಗೆ ಇಡಿ ಎಂದಳು. ಅವರು ಹೊಸದಾಗಿ ವರ್ಗವಾಗಿ ಬಂದವರು, ಹಳೆಯದು ಗೊತ್ತಿಲ್ಲ. ನಾಲ್ಕು ಗಂಟೆಗೆ ಒಪ್ಪಿದರು.

ಸಭೆಯ ತಯಾರಿ ಗುಟ್ಟಾಗಿ ಉಳಿಯಲಿಲ್ಲ. ಆಕೆ ಗ್ರೂಪಿನಲ್ಲಿ ಎಲ್ಲರನ್ನೂ ಸಭೆಗೆ ಕರೆದ ಮೆಸೇಜನ್ನು ಯಾರೋ ಹೊರಗೆ ದಾಟಿಸಿದರು. ಊರಿನ ಕೆಲವು ಗಂಡಸರು ಆ ದನಿಗೆ ಡೋಲು ಬಾಜಾ ಸೇರಿಸಿ, ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಕುರ್ಚಿಯಲ್ಲಿ ಕೂತ ಹೆಂಗಸಿನ ಚಿತ್ರ ಅಂಟಿಸಿ ಊರಿಗೆಲ್ಲ ಹಂಚಿದರು. ನನಗೆ ಅದನ್ನು ನೋಡಿ ಅಳು ಬಂತು. ಮಾವಶಿಯ ಮಗನಿಗಂತೂ ಸಿಟ್ಟು ನೆತ್ತಿಗೇರಿ, ಅಮ್ಮ ಮನೆಯಲ್ಲೇ ಇರಲಿ, ಮರ್ಯಾದೆ ಹೋಯಿತು ಎಂದು ಕೂಗಾಡಿದ. ಮಾವಶಿ ಲೈಬ್ರರಿಗೆ ಬಂದು ಅದನ್ನು ಮೂರು ಸಲ ಹಾಕಿಸಿ ಕೇಳಿದಳು.

“ನನ್ನ ದನಿ ಛಲೋ ಬಂದದೆ ಅಲ್ಲ?”

“ಮಾವಶಿ, ಅವರು ಚಾಷ್ಟಿ ಮಾಡ್ತಿದ್ದಾರೆ.”

“ಮಾಡ್ಲಿ. ಯಾವ ದಿನ, ಎಷ್ಟು ಗಂಟೆ, ಎಲ್ಲ ಅದ್ರಲ್ಲಿ ಅದೆ. ನಾ ಮನೆಮನೆಗೆ ಹೋಗಿ ಹೇಳಿದ್ರೂ ಇಷ್ಟು ಜನಕ್ಕೆ ಮುಟ್ತಿರ್ಲಿಲ್ಲ.”

ಮುಟ್ಟಿತ್ತು. ಅಂದು ನಾಲ್ಕು ಗಂಟೆಗೆ ಶಾಲೆಯ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೀನಿನ ಹೆಂಗಸರು ಪೇಟೆಯಿಂದ ನೇರವಾಗಿ ಬಂದಿದ್ದರು, ಹೊರಗೆ ಜಗಲಿಯ ತುಂಬ ಬುಟ್ಟಿಗಳು. ತಮಾಷೆ ನೋಡಲು ಮೇಲಿನ ಕೇರಿಯ ಹೆಂಗಸರೂ ಬಂದರು, ಆಯಿ ಎಂದು ನಾನು ಕರೆಯುವ ನನ್ನ ಅಮ್ಮನೂ ಸೇರಿ. ನಾನು ಹಿಂದಿನ ಸಾಲಿನಲ್ಲಿ, ಕಂಬದ ಮರೆಯಲ್ಲಿ ಕೂತೆ.

ವೇದಿಕೆಯ ಮೇಲೆ ಅಧ್ಯಕ್ಷೆ. ಮಹಿಳೆಗೆ ಮೀಸಲಾದ ಸ್ಥಾನ, ನನ್ನದೇ ವಯಸ್ಸಿನವಳು. ಪಕ್ಕದ ಕುರ್ಚಿಯಲ್ಲಿ ಆಕೆಯ ಗಂಡ. ಪಂಚಾಯ್ತಿಯಲ್ಲಿ ಆತನಿಗೆ ಯಾವ ಹುದ್ದೆಯೂ ಇರಲಿಲ್ಲ, ಮಾತೆಲ್ಲ ಆತನದೇ. ಮಾವಶಿ ಎದ್ದು ನಿಂತು ಠರಾವಿನ ಸಂಖ್ಯೆ ಹೇಳಿದಳು. ಅಧಿಕಾರಿ ತಲೆಯೆತ್ತಿದರು. ಆಮೇಲೆ ಒಂದೂ ತಪ್ಪಿಲ್ಲದೆ, “ಸರ್ವಾನುಮತದಿಂದ ಒಪ್ಪಿಗೆ ನೀಡಿರುತ್ತಾರೆ” ಎನ್ನುವವರೆಗೆ ಹೇಳಿ ಮುಗಿಸಿದಳು. ನಾನು ಕಂಬದ ಹಿಂದೆ ತುಟಿಯಲ್ಲೇ ಜೊತೆಗೆ ಹೇಳುತ್ತಿದ್ದೆ.

“ಇದಕ್ಕೆ ನಾವು ಯಾವಾಗ ಒಪ್ಪಿದ್ದು?”

“ಅದು ಆಗಿಹೋದ ವಿಷಯ” ಎಂದ ಅಧ್ಯಕ್ಷೆಯ ಗಂಡ. “ನೀವೆಲ್ಲ ಇದ್ದಿರಿ, ಹೆಬ್ಬೆಟ್ಟು ಒತ್ತಿದ್ದೀರಿ.”

“ನಾ ನಿಮ್ಮನ್ನ ಕೇಳ್ಲಿಲ್ಲ. ಅಧ್ಯಕ್ಷೆ ಬಾಯೋರನ್ನ ಕೇಳ್ದೆ.”

ಅಧ್ಯಕ್ಷೆ ಮೇಜಿನ ಮೇಲಿನ ಹಾಳೆಯನ್ನು ನೋಡುತ್ತಿದ್ದಳು. ಮಾವಶಿ ಮುಂದೆ ಹೋಗಿ ಮೊಬೈಲನ್ನು ಮೈಕಿಗೆ ಹಿಡಿದಳು. ಇಡೀ ಹಾಲಿನಲ್ಲಿ ಆ ಬುಧವಾರದ ದನಿಗಳು ಕೇಳಿದವು. ಕಾರವಾರ, ಸದಾಶಿವಗಡ, ಮಾಜಾಳಿ, ಅಂಕೋಲೆ. ಪ್ರತಿ ದನಿಗೂ ಆಯಾ ಹೆಂಗಸು ಎದ್ದು ನಿಂತಳು. ಯಾರೂ ಹಾಗೆ ಮಾಡಿ ಎಂದು ಹೇಳಿಕೊಟ್ಟಿರಲಿಲ್ಲ. ಮೊದಲಿನವಳು ತನ್ನ ದನಿ ಕೇಳಿ ಬೆಚ್ಚಿ ಎದ್ದಳು, ಅವಳನ್ನು ನೋಡಿ ಉಳಿದವರೂ ಎದ್ದರು. ಕೊನೆಗೆ ಅರ್ಧ ಹಾಲು ನಿಂತಿತ್ತು.

“ಹೌದಾ?” ಎಂದು ಗಂಡ ಎದ್ದ. “ಇಷ್ಟೆಲ್ಲ ಠರಾವು ನಿಂಗೆ ಓದಿ ಹೇಳಿದ್ದು ಯಾರು? ಅದನ್ನ ಮೊದಲು ಹೇಳು.”

“ಅದು ನಿಮಗೆ ಬೇಡ.”

“ಯಾರೋ ಸುಳ್ಳು ಓದಿ ತಲೆ ಕೆಡಿಸಿದಾರೆ. ಹೆಸರು ಹೇಳು.”

ಮಾವಶಿ ಹೇಳಲಿಲ್ಲ. ಕಂಬದ ಕಡೆ ತಿರುಗಿಯೂ ನೋಡಲಿಲ್ಲ. ಆಕೆ ತಿರುಗಿ ನೋಡಿದ್ದರೆ ನಾನು ತಲೆ ತಗ್ಗಿಸುತ್ತಿದ್ದೆನೋ ಏನೋ. ಆತ ಆಕೆಯನ್ನು ಸುಳ್ಳಿ ಎಂದ. ಮೂರು ವಾರ ಬಿಸಿಲಲ್ಲಿ ಬುಟ್ಟಿ ಹೊತ್ತು, ಊಟದ ಹೊತ್ತಿನಲ್ಲಿ ಪಾಠ ಕಲಿತವಳನ್ನು ಸುಳ್ಳಿ ಎಂದ. ನಾನು ಎದ್ದದ್ದು ನನಗೆ ನೆನಪಿಲ್ಲ. ಆಯಿ ನನ್ನ ಸೆರಗು ಹಿಡಿದು ಎಳೆದದ್ದು ಮಾತ್ರ ನೆನಪಿದೆ.

“ನಾನು ಓದಿದ್ದು” ಎಂದೆ. “ಬೇಕಾದರೆ ಈಗಲೂ ಓದುತ್ತೇನೆ.”

ಮೊಬೈಲಿನಲ್ಲಿ ಠರಾವು ತೆರೆದು ಗಟ್ಟಿಯಾಗಿ ಓದಿದೆ. ನಾನು ಓದಿ ಮುಗಿಸುತ್ತಿದ್ದಂತೆ ಅಧ್ಯಕ್ಷೆ ಮೈಕನ್ನು ತನ್ನ ಕಡೆಗೆ ಎಳೆದುಕೊಂಡಳು. ಆಕೆಯ ದನಿಯನ್ನು ಊರು ಮೈಕಿನಲ್ಲಿ ಕೇಳಿದ್ದು ಅಂದೇ ಮೊದಲು.

“ನಾನೂ ಆ ದಿನ ಸಭೆಯಲ್ಲಿ ಇರಲಿಲ್ಲ. ಪುಸ್ತಕ ಮನೆಗೆ ಬಂತು. ಸಹಿ ಮಾಡು ಅಂದರು, ಮಾಡಿದೆ.”

ಗಂಡ ಆಕೆಯ ತೋಳು ಮುಟ್ಟಿದ. ಆಕೆ ತೋಳು ಸರಿಸಿ, ಅಧಿಕಾರಿಯ ಕಡೆ ತಿರುಗಿ, ಈ ಠರಾವನ್ನು ಇವತ್ತೇ ರದ್ದು ಮಾಡಬಹುದೋ ಎಂದು ಕೇಳಿದಳು. ರದ್ದು ಮಾಡುವ ಠರಾವನ್ನು ಗ್ರಾಮಸಭೆ ಮಾಡಬಹುದು ಎಂದರು ಅವರು. ಹೆಂಗಸರು ಚಪ್ಪಾಳೆ ಹೊಡೆಯತೊಡಗಿದಾಗ ಮಾವಶಿ ಕೈಯೆತ್ತಿ ತಡೆದಳು. “ತಡೀರಿ ಗೋ. ಮೊದ್ಲು ಬರೀಲಿ. ಬರೆದದ್ದು ಅಕ್ಕೋರು ಓದ್ಲಿ. ಆಮೇಲೆ ನಾವು ಒತ್ತುದು.”

ಹಾಗೆಯೇ ಆಯಿತು. ಬರೆದರು, ನಾನು ಓದಿದೆ. ಒಂದು ಕಡೆ “ಸೂಕ್ತ ಕ್ರಮ” ಎಂದಿತ್ತು, ಮಾವಶಿ ಅದನ್ನು ತೆಗೆಸಿ “ಮೀನು ಒಣಗಿಸುವ ಜಾಗ ಮೀನು ಒಣಗಿಸುವವರಿಗೇ” ಎಂದು ಬರೆಸಿದಳು. ಹೆಬ್ಬೆಟ್ಟಿನ ಸಾಲು ಮುಗಿಯುವ ಹೊತ್ತಿಗೆ ಸೂರ್ಯ ಮುಳುಗಿದ್ದ. ಮನೆಗೆ ಹೋಗುವಾಗ ಮೇಲಿನ ಕೇರಿಯ ತಿರುವಿನಲ್ಲಿ ಆಯಿ ನಿಂತಳು. “ನಂಗೂ ಆ ಗ್ರೂಪಿಗೆ ಸೇರುಕೆ ಆಗ್ತದ್ಯೋ? ನಾ ಮೀನು ಮಾರುದಿಲ್ಲಲ್ಲ” ಎಂದಳು.

ಅದಾದ ವಾರಕ್ಕೆ ನನಗೆ ವಿವರಣೆ ಕೇಳಿ ಒಂದು ನೋಟಿಸು ಬಂತು. ಎಲ್ಲರಿಗೂ ತೆರೆದಿಟ್ಟ ಕಾಗದವನ್ನು ಕೇಳಿದವರಿಗೆ ಓದಿ ಹೇಳುವುದು ಗ್ರಂಥಾಲಯದ ಕೆಲಸ ಎಂದು ಉತ್ತರ ಬರೆದೆ. ಆ ವಾಕ್ಯವನ್ನು ಹೇಳಿದ್ದು ಮಾವಶಿ, ನಾನು ಬರಹದ ಕನ್ನಡಕ್ಕೆ ತಂದೆ ಅಷ್ಟೆ. ಮತ್ತೆ ಯಾರೂ ಏನೂ ಕೇಳಲಿಲ್ಲ. ಮಾವಶಿಯ ಗ್ರೂಪಿನಲ್ಲಿ ಮಾತ್ರ ಮೀನಿನ ದರದ ಜೊತೆಗೆ ಹೊಸ ಸುದ್ದಿಗಳು ಬರತೊಡಗಿದವು: ಯಾವ ಊರಲ್ಲಿ ಯಾವಾಗ ಸಭೆ, ಎಲ್ಲಿ ಹೆಂಗಸರಿಗೆ ಮಾತಾಡಲು ಬಿಡಲಿಲ್ಲ, ಯಾರು ಏನು ಕೇಳಿದರು.

ಎರಡು ವರ್ಷಗಳ ಮೇಲೆ, ಮಳೆಗಾಲದಲ್ಲಿ, ಆಕೆಗೆ ಕಿಡ್ನಿಯ ಕಾಯಿಲೆ ಜೋರಾಯಿತು. ಕಾರವಾರದ ದೊಡ್ಡಾಸ್ಪತ್ರೆಗೆ ನೋಡಲು ಹೋದೆ. ಮುಖ, ಕಾಲು ಊದಿದ್ದವು. ನಾನು ಏನು ಸಮಾಧಾನ ಹೇಳಲಿ ಎಂದು ಯೋಚಿಸುತ್ತಿದ್ದರೆ ಆಕೆ ಪಕ್ಕದ ಮಂಚದ ಕಡೆ ಬೆರಳು ತೋರಿಸಿದಳು. ಅಲ್ಲಿ ರಾಮನಗುಳಿಯ ಕಡೆಯ ಒಬ್ಬ ಮುದುಕಿ, ಆಕೆಯನ್ನು ನೋಡಿಕೊಳ್ಳಲು ಬಂದ ಎಳೆಯ ಸೊಸೆ.

“ಮೊಬೈಲು ತೆಗಿ. ಈ ಹುಡುಗಿ ಹೆಸರು ಓಟಿನ ಪಟ್ಟಿಯಲ್ಲಿ ಅದ್ಯೋ ಇಲ್ವೋ ನೋಡು.”

ನೋಡಿದೆ. ತವರಿನಲ್ಲಿ ಮದುವೆಯಾಗಿ ಹೋದಳೆಂದು ಹೆಸರು ತೆಗೆದಿದ್ದರು, ಗಂಡನ ಮನೆಯಲ್ಲಿ ಸೇರಿಸಿರಲಿಲ್ಲ.

“ಅಪ್ಪನ ಮನೇಲೂ ಇಲ್ಲ, ಗಂಡನ ಮನೇಲೂ ಇಲ್ಲ” ಎಂದಳು ಮಾವಶಿ ಅವಳಿಗೆ. “ಮತ್ತೆ ನೀ ಎಲ್ಲಿದ್ದೀಯೆ, ಮಗಾ?”

ಹುಡುಗಿ ಸೆರಗಿನ ಅಂಚು ತಿರುವುತ್ತಾ ನಕ್ಕಳು. ಮಂಚದ ಮೇಲಿನ ಅತ್ತೆ ಮಲಗಿದಲ್ಲಿಂದಲೇ, “ನಂದೂ ನೋಡೇ, ಅದ್ಯೋ ಇಲ್ವೋ” ಎಂದಳು. ವಾರ್ಡಿನ ಹೆಂಗಸರೆಲ್ಲ ಒಬ್ಬೊಬ್ಬರೇ ಸುತ್ತ ಸೇರಿದರು. ನರ್ಸ್ ಬಂದು ಗದರುವವರೆಗೂ ನಾನು ಹೆಸರು ಹುಡುಕುತ್ತಲೇ ಇದ್ದೆ. ಆ ಹುಡುಗಿಯ ಅರ್ಜಿಯನ್ನು ಅಲ್ಲೇ ಮೊಬೈಲಿನಲ್ಲಿ ತುಂಬಿ ಕಳಿಸಿದೆ. ಮಾವಶಿ ದಿಂಬಿಗೆ ಒರಗಿ ಒಂದೊಂದನ್ನೂ ಕೇಳಿಸಿಕೊಳ್ಳುತ್ತಿದ್ದಳು. ಆಕೆಯ ಕಣ್ಣು ಅಷ್ಟು ಹೊಳೆದದ್ದನ್ನು ನಾನು ಗ್ರಾಮಸಭೆಯ ದಿನವೂ ಕಂಡಿರಲಿಲ್ಲ.

ನಾಲ್ಕನೆಯ ದಿನ ಆಕೆ ತೀರಿಕೊಂಡಳು. ಮಳೆ ಬಿಟ್ಟುಬಿಟ್ಟು ಸುರಿಯುತ್ತಿತ್ತು. ಅಧ್ಯಕ್ಷೆ ಒಬ್ಬಳೇ ಕೊಡೆ ಹಿಡಿದು ಬಂದು, ಹೆಂಗಸರ ನಡುವೆ ನೆಲದ ಮೇಲೆ ಕೂತಿದ್ದಳು.

ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ರಾಮನಗುಳಿಯ ಆ ಹುಡುಗಿಯ ಫೋನು ಬಂತು.

“ಅಕ್ಕಾ, ಓಟಿನ ಕಾರ್ಡು ಬಂತು. ನನ್ನ ಫೋಟೋ ಹಾಕಿದಾರೆ. ಮಾವಶಿಗೆ ಹೇಳ್ಬೇಕಾಗಿತ್ತು, ಅವ್ರ ಫೋನು ಹತ್ತುದಿಲ್ಲ.”

ಹೇಳಿದೆ. ಆ ಕಡೆ ಎಲ್ಲೋ ಕೋಳಿ ಕೂಗುತ್ತಿತ್ತು, ಯಾರೋ ಬಟ್ಟೆ ಒಗೆಯುತ್ತಿದ್ದರು.

“ಅಕ್ಕಾ” ಎಂದಳು ಮತ್ತೆ, ಮೂಗು ಒರೆಸಿಕೊಂಡು. “ನಮ್ಮ ಕೇರಿಯಲ್ಲಿ ಇನ್ನೂ ಆರು ಜನ ಸೊಸೆಯಂದ್ರು ಅದಾರೆ, ಹೆಸರು ಎಲ್ಲೂ ಇಲ್ದವ್ರು. ನಾ ಕೇಳ್ಕಂಡು ಬಂದೆ. ಅವ್ರದ್ದು ಹ್ಯಾಂಗೆ ಮಾಡುದು?”

ಭಾನುವಾರ ಬೆಳಿಗ್ಗೆ ಯಲ್ಲಾಪುರದ ಬಸ್ಸು ಹತ್ತಿ ರಾಮನಗುಳಿಯಲ್ಲಿ ಇಳಿಯುತ್ತೇನೆ, ಆರೂ ಜನರನ್ನು ಒಂದು ಕಡೆ ಕೂರಿಸು ಎಂದೆ.